ಫಾಸ್ಟ್‌ಫುಡ್ ವೆಬ್‌ಸೈಟ್ ಹೋಲಿಸುವಾಗ ಮೊದಲು ವಿಳಾಸದ ಪುಟ ನೋಡಿ, ಆಮೇಲೆ ಬಿಲ್ಲು ನೋಡಿ

ಪ್ರಶ್ನೆ: ನಾನು ಮಂಡ್ಯದಲ್ಲಿ ಎಂಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಮೆಕ್‌ಡೊನಾಲ್ಡ್ಸ್, ಕೆಎಫ್‌ಸಿ, ಡಾಮಿನೋಸ್, ಬರ್ಗರ್ ಕಿಂಗ್ ಈ ನಾಲ್ಕು ಚೈನ್‌ಗಳ ವೆಬ್‌ಸೈಟ್ ಹೋಲಿಕೆ ಮಾಡುತ್ತಿದ್ದೇನೆ. ಬಣ್ಣ, ಫೋಟೋ, ಮೆನು, ವೇಗ ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಟೇಬಲ್ ಹಾಕಿದೆ. ಗೈಡ್ ಮೇಡಂ ನೋಡಿ ‘ಇದು ನಿನ್ನ ಅಭಿಪ್ರಾಯ ಅಷ್ಟೇ, ಹೋಲಿಕೆ ಅಲ್ಲ’ ಅಂದರು. ಹಾಗಾದರೆ ಹೇಗೆ ಮಾಡಬೇಕು? ನನ್ನ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್.

ಉತ್ತರ:

ನಿಮ್ಮ ಮೇಡಂ ಹೇಳಿದ್ದು ಸರಿ. ನೀವು ಬಣ್ಣಕ್ಕೆ 8, ಫೋಟೋಗೆ 9 ಅಂತ ಹಾಕಿದರೆ ಪಕ್ಕದಲ್ಲಿ ಕೂತ ಗೆಳತಿ 6, 7 ಅಂತ ಹಾಕುತ್ತಾರೆ. ಇಬ್ಬರಲ್ಲಿ ಯಾರು ಸರಿ ಅಂತ ಹೇಳಲು ದಾರಿಯೇ ಇಲ್ಲ. ಅದೇ ‘ಕುವೆಂಪುನಗರದ ಮನೆಗೆ ಎರಡು ವೆಜ್ ಬರ್ಗರ್ ತರಿಸಲು ಹೋದವರು ವಿಳಾಸದ ಪುಟದಲ್ಲಿ ಸಿಕ್ಕಿಹಾಕಿಕೊಂಡು, ಸಾಕಾಗಿ ಬಿಟ್ಟರು’ ಅಂತ ಬರೆದು, ಅದರ ರೆಕಾರ್ಡಿಂಗ್ ತೋರಿಸಿದರೆ ಯಾರೂ ಎದುರು ಮಾತಾಡಲು ಆಗಲ್ಲ. ಕಣ್ಣಿಗೆ ಕಂಡದ್ದು ಅದು. ಒಂದೇ ಕೆಲಸ, ಒಂದೇ ಫೋನ್, ಒಂದೇ ವಿಳಾಸ ಇಟ್ಟುಕೊಂಡು ನಾಲ್ಕು ಸೈಟಿಗೂ ಹೋಗಬೇಕು. ಯಾರು ಎಲ್ಲಿ ನಿಂತರು, ಯಾಕೆ ನಿಂತರು ಅಂತ ಬರೆಯಬೇಕು. ಹೋಲಿಕೆ ಅಂದರೆ ಅದೇ.

ನಾನು ಮೈಸೂರಿನಲ್ಲಿದ್ದುಕೊಂಡು ಇಂಥ ಆರ್ಡರ್ ಸೈಟ್‌ಗಳನ್ನು ಪರೀಕ್ಷೆ ಮಾಡುವ ಕೆಲಸ ಮಾಡುತ್ತೇನೆ. ನಮ್ಮ ಕಡೆಯ ಜನ ಇವನ್ನು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿ ನೋಡಿ ನನಗೆ ಗಟ್ಟಿಯಾಗಿರುವುದು ಏನೆಂದರೆ, ಅವರು ಕೈಬಿಡುವ ಜಾಗ ಹೆಚ್ಚಾಗಿ ಎರಡೇ. ಒಂದು ವಿಳಾಸ ಕೇಳುವ ಪುಟ. ಇನ್ನೊಂದು ಕೊನೆಯ ಬಿಲ್ಲು. ಫೋಟೋ ಚೆನ್ನಾಗಿಲ್ಲ ಅಂತ ಆರ್ಡರ್ ಬಿಟ್ಟವರನ್ನು ನಾನು ನೋಡಿಲ್ಲ. ನಿಮ್ಮ ಪ್ರಾಜೆಕ್ಟಿನ ಅರ್ಧ ಶ್ರಮ ಈ ಎರಡು ಜಾಗಕ್ಕೇ ಹೋಗಲಿ.

ಅದಕ್ಕೂ ಮುಂಚೆ ಒಂದು ವಿಷಯ. ಈ ನಾಲ್ಕೂ ಚೈನ್ ಒಂದೇ ಥರದ ವ್ಯಾಪಾರ ಮಾಡುತ್ತಿಲ್ಲ. ಡಾಮಿನೋಸ್ ಮೊದಲಿನಿಂದಲೂ ಮನೆಗೆ ತಲುಪಿಸುವುದನ್ನೇ ನಂಬಿ ಬೆಳೆದದ್ದು. ಭಾರತದಲ್ಲಿ ಅದನ್ನು ಜುಬಿಲಂಟ್ ಫುಡ್‌ವರ್ಕ್ಸ್ ಅನ್ನುವ ಒಂದೇ ಕಂಪನಿ ನಡೆಸುತ್ತದೆ. ಮೆಕ್‌ಡೊನಾಲ್ಡ್ಸ್ ಹಾಗಲ್ಲ. ಪಶ್ಚಿಮ ಮತ್ತು ದಕ್ಷಿಣ ಭಾರತದ ಅಂಗಡಿಗಳು ವೆಸ್ಟ್‌ಲೈಫ್ ಕೈಯಲ್ಲಿವೆ, ಉತ್ತರ ಮತ್ತು ಪೂರ್ವದವು ಕನಾಟ್ ಪ್ಲಾಜಾ ರೆಸ್ಟೋರೆಂಟ್ಸ್ ಕೈಯಲ್ಲಿ. ಆದ್ದರಿಂದ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ತೆರೆದರೆ ದೆಹಲಿ ಕಡೆಯವರ ಪುಟಕ್ಕೆ ಹೋಗಿ ನಿಲ್ಲಬಹುದು. ನೀವು ಪರೀಕ್ಷೆ ಮಾಡುತ್ತಿರುವುದು ನಮ್ಮ ಕಡೆಯ ಸೈಟೇ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಕೆಎಫ್‌ಸಿ ಅಂಗಡಿಗಳನ್ನು ಇಲ್ಲಿ ಬೆಳೆಸಿದ್ದು ದೇವಯಾನಿ ಮತ್ತು ಸಫೈರ್ ಅನ್ನುವ ಎರಡು ಫ್ರಾಂಚೈಸಿಗಳು, ಆದರೆ ಗ್ರಾಹಕರಿಗೆ ಕಾಣುವ ಸೈಟ್ ಒಂದೇ. ಬರ್ಗರ್ ಕಿಂಗ್ ತಡವಾಗಿ, 2014ರಲ್ಲಿ ಬಂತು. (ಕೆಎಫ್‌ಸಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು 1995ರಲ್ಲಿ, ಬೆಂಗಳೂರಿನಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತಸಂಘ ಅದರ ವಿರುದ್ಧ ಎದ್ದು ನಿಂತದ್ದು ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ, ಮಂಡ್ಯದವರಲ್ವಾ.) ಈ ಹಿನ್ನೆಲೆ ಯಾಕೆ ಬೇಕು ಅಂದರೆ, ಮನೆಗೆ ತಲುಪಿಸುವುದನ್ನೇ ನಂಬಿದ ಕಂಪನಿ ಬಾಗಿಲಲ್ಲೇ ವಿಳಾಸ ಕೇಳುತ್ತದೆ. ಅಂಗಡಿಗೆ ಜನ ಬರಲಿ ಅನ್ನುವ ಕಂಪನಿ ಮೊದಲು ಹೊಸ ತಿಂಡಿಯ ದೊಡ್ಡ ಚಿತ್ರ ತೋರಿಸುತ್ತದೆ. ಅದು ವ್ಯಾಪಾರದ ತೀರ್ಮಾನ. ‘ಇವರ ಮುಖಪುಟ ಚೆನ್ನಾಗಿದೆ, ಅವರದ್ದು ಚೆನ್ನಾಗಿಲ್ಲ’ ಅಂತ ಇದನ್ನು ವಿನ್ಯಾಸದ ತಲೆಗೆ ಕಟ್ಟಬೇಡಿ.

ಈಗ ಕೆಲಸ ಆರಿಸಿ. ಜಾಸ್ತಿ ಬೇಡ, ಮೂರು ಸಾಕು. ಮೊದಲನೆಯದು, ಎರಡು ವೆಜ್ ಐಟಂ ಮತ್ತು ಒಂದು ಕೂಲ್‌ಡ್ರಿಂಕ್ ಮನೆಗೆ ತರಿಸಬೇಕು, ಒಟ್ಟು ಎಷ್ಟಾಗುತ್ತದೆ ಅಂತ ಹೇಳಬೇಕು. ಎರಡನೆಯದು, ಅದರಲ್ಲಿ ಒಂದನ್ನು ಬದಲಾಯಿಸಬೇಕು: ಈರುಳ್ಳಿ ಬೇಡ ಅಂತಲೋ, ಒಂದು ಸೈಜ್ ಚಿಕ್ಕದು ಅಂತಲೋ. ಮೂರನೆಯದು, ಹತ್ತಿರದ ಅಂಗಡಿ ಎಲ್ಲಿದೆ, ಇವತ್ತು ರಾತ್ರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಹುಡುಕಬೇಕು. ಮೂರನೆಯದನ್ನು ಸುಮ್ನೆ ಸೇರಿಸಿದ್ದು ಅಂದುಕೊಳ್ಳಬೇಡಿ. ಮೈಸೂರಿಂದ ಬಸ್ ಇಳಿದು ತಡರಾತ್ರಿ ಮನೆ ಸೇರುವವರಿಗೆ ಬೇಕಾಗುವುದು ಅದೇ. ಎಷ್ಟೋ ಸೈಟ್‌ಗಳಲ್ಲಿ ಆ ಮಾಹಿತಿ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ.

ಹಣ ಕಟ್ಟುವ ಪುಟ ಬಂದ ಕೂಡಲೇ ನಿಲ್ಲಿಸಬೇಕು. ಪರೀಕ್ಷೆಗೆ ಅಂತ ಕ್ಯಾಶ್ ಆನ್ ಡೆಲಿವರಿ ಒತ್ತಿ ಆಮೇಲೆ ಫೋನ್ ಎತ್ತದೇ ಇರುವುದು ಬೇಡವೇ ಬೇಡ. ಅಡುಗೆಮನೆಯಲ್ಲಿ ಯಾರೋ ನಿಜವಾಗಿ ಮಾಡುತ್ತಾರೆ, ಬೈಕಿನಲ್ಲಿ ಯಾರೋ ನಿಜವಾಗಿ ತರುತ್ತಾರೆ. ಆರ್ಡರ್ ಆದ ಮೇಲಿನ ಭಾಗವನ್ನೂ ನೋಡಬೇಕು ಅಂದರೆ ಒಂದೊಂದು ಸೈಟಿನಿಂದ ಒಂದು ಚಿಕ್ಕ ಆರ್ಡರ್ ದುಡ್ಡು ಕೊಟ್ಟೇ ತರಿಸಿ, ಎಲ್ಲರೂ ಸೇರಿ ತಿನ್ನಿ.

ವಿಳಾಸದ ವಿಷಯಕ್ಕೆ ಬರೋಣ. 1994ರಲ್ಲಿ ಪಿಜ್ಜಾ ಹಟ್‌ನವರು ಅಮೆರಿಕದ ಸಾಂತಾ ಕ್ರೂಸ್ ಊರಿನಲ್ಲಿ ಪಿಜ್ಜಾನೆಟ್ ಅಂತ ಒಂದು ಪುಟ ಮಾಡಿದರು. ವೆಬ್ ಮೂಲಕ ಊಟ ತರಿಸಿದ ಮೊದಲ ಪ್ರಯೋಗಗಳಲ್ಲಿ ಅದು ಒಂದು. ಬೂದು ಬಣ್ಣದ ಪುಟ, ಅದರಲ್ಲಿ ಮೂರು ಖಾಲಿ ಚೌಕ: ಹೆಸರು, ಮನೆ ವಿಳಾಸ, ಫೋನ್ ನಂಬರ್. ಅದನ್ನು ತುಂಬಿದ ಮೇಲೇ ಪಿಜ್ಜಾ ಆರಿಸಲು ಬಿಡುತ್ತಿತ್ತು. ಮೂವತ್ತು ವರ್ಷ ಆದರೂ ಆ ಜಗಳ ಮುಗಿದಿಲ್ಲ. ಮೊದಲು ವಿಳಾಸ ಕೇಳಬೇಕಾ, ಮೊದಲು ಮೆನು ತೋರಿಸಬೇಕಾ? ಎರಡಕ್ಕೂ ಕಾರಣ ಇದೆ. ಒಂದೊಂದು ಅಂಗಡಿಯಲ್ಲಿ ಸಿಗುವ ಐಟಂ ಬೇರೆ, ಬೆಲೆಯೂ ಬೇರೆ ಇರಬಹುದು. ವಿಳಾಸ ಗೊತ್ತಿಲ್ಲದೆ ಮೆನು ತೋರಿಸಿದರೆ ಆಮೇಲೆ ‘ಇದು ನಿಮ್ಮ ಕಡೆ ಸಿಗಲ್ಲ’ ಅಂತ ಹೇಳಬೇಕಾಗುತ್ತದೆ. ಆದರೆ ಬೆಲೆ ಎಷ್ಟಿದೆ ನೋಡೋಣ ಅಂತ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮನೆ ಎಲ್ಲಿ, ಫೋನ್ ನಂಬರ್ ಏನು, ಒಟಿಪಿ ಕೊಡಿ ಅಂದರೆ ಅವರು ವಾಪಸ್ ಹೋಗುತ್ತಾರೆ. ನನ್ನ ಮಟ್ಟಿಗೆ, ಊರಿನ ಹೆಸರು ಮಾತ್ರ ಕೇಳಿ ಮೆನು ಮತ್ತು ಬೆಲೆ ತೋರಿಸಿ, ಪೂರ್ತಿ ವಿಳಾಸವನ್ನು ಆಮೇಲೆ ಕೇಳುವುದೇ ಸರಿಯಾದ ಕ್ರಮ. ನಿಮ್ಮ ನಾಲ್ಕು ಸೈಟಿನಲ್ಲಿ ಮೊದಲ ಬೆಲೆ ಕಣ್ಣಿಗೆ ಬೀಳುವ ಮುಂಚೆ ಏನೇನು ಕೇಳಿದರು ಅಂತ ಪಟ್ಟಿ ಮಾಡಿ. ಅದೊಂದೇ ಟೇಬಲ್ ನಿಮ್ಮ ಹಳೆಯ ಟೇಬಲ್‌ಗಿಂತ ಬೆಲೆಯುಳ್ಳದ್ದು.

ನಮ್ಮ ಊರುಗಳಿಗೆ ಇದರ ಮೇಲೆ ಇನ್ನೊಂದು ತೊಡಕು ಇದೆ. ಬೆಂಗಳೂರಿನಲ್ಲಿ ಕೂತು ಸೈಟ್ ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ. ಮೈಸೂರಿನಲ್ಲಿ ವಿಜಯನಗರ ಇದೆ, ಬೆಂಗಳೂರಿನಲ್ಲೂ ಇದೆ. ಜಯನಗರ ಎರಡೂ ಕಡೆ. ಜೆ.ಪಿ. ನಗರ ಎರಡೂ ಕಡೆ. ಹೆಬ್ಬಾಳವೂ ಎರಡೂ ಕಡೆ. ಮಂಡ್ಯದ ಗಾಂಧಿನಗರ ಅಂತ ಮನಸ್ಸಿನಲ್ಲಿಟ್ಟುಕೊಂಡು ಬರೀ ‘ಗಾಂಧಿನಗರ’ ಅಂತ ಟೈಪ್ ಮಾಡಿದರೆ ಮೆಜೆಸ್ಟಿಕ್ ಪಕ್ಕದ ಗಾಂಧಿನಗರ ಮೇಲೆ ಬಂದು ಕೂರಬಹುದು. ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಲ್ಲಿ ಬಡಾವಣೆ ಹೆಸರಿನ ಜೊತೆ ಊರಿನ ಹೆಸರೂ ಎದ್ದು ಕಾಣುವಂತೆ ಬರೆದಿದ್ದಾರಾ? ಫೋನಿನ ಸಣ್ಣ ಪರದೆಯಲ್ಲಿ ಊರಿನ ಹೆಸರು ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕೆ ಆಗಿದೆಯಾ? ಇದನ್ನು ನಾಲ್ಕೂ ಸೈಟಿನಲ್ಲಿ ಅದೇ ಹೆಸರು ಹಾಕಿ ನೋಡಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಇಂಗ್ಲಿಷಿನಲ್ಲೂ ಮೈಸೂರು ಅಂತಲೇ ಬರೆಯಬೇಕು. ಆದರೆ ಹಳೆಯ ‘ಮೈಸೋರ್’ ಸ್ಪೆಲ್ಲಿಂಗ್ ಬರೆಯುವವರು ಇನ್ನೂ ತುಂಬಾ ಜನ. ಎರಡಕ್ಕೂ ಊರು ಸಿಗುತ್ತದಾ? ಹೂಟಗಳ್ಳಿಯನ್ನು ಕೆಲವರು ಎರಡು ‘ಓ’ ಹಾಕಿ ಬರೆಯುತ್ತಾರೆ, ಕೆಲವರು ಒಂದು ‘ಯು’ ಹಾಕಿ. ಎರಡನ್ನೂ ಹಾಕಿ ನೋಡಿ. ಕನ್ನಡದಲ್ಲೇ ‘ಸರಸ್ವತಿಪುರಂ’ ಅಂತ ಬರೆದರೆ ಏನಾಗುತ್ತದೆ ಅದನ್ನೂ ನೋಡಿ.

ಪಿನ್‌ಕೋಡ್ ಕೇಳುವ ಸೈಟ್ ಇದ್ದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡಬೇಕು. ಪಿನ್‌ಕೋಡ್ 1972ರಲ್ಲಿ ಬಂದದ್ದು ಕಾಗದ ವಿಂಗಡಿಸಲು, ಬಿಸಿ ಪಿಜ್ಜಾ ಎಲ್ಲಿಯವರೆಗೆ ಹೋಗಬಹುದು ಅಂತ ಅಳೆಯಲು ಅಲ್ಲ. ಒಂದೇ ಪಿನ್‌ಕೋಡಿನಲ್ಲಿ ಪೇಟೆಯ ಬಡಾವಣೆಯೂ ಇರಬಹುದು, ಊರಾಚೆಯ ಹಳ್ಳಿಯೂ ಇರಬಹುದು. ಹಾಗಾಗಿ ಮೊದಲು ಹೌದು ಅಂದ ಸೈಟ್, ಪೂರ್ತಿ ವಿಳಾಸ ಕೊಟ್ಟ ಮೇಲೆ ಇಲ್ಲ ಅನ್ನುತ್ತದೆ. ಅಷ್ಟು ಹೊತ್ತಿಗೆ ಪಾಪ ಅವರು ಮಕ್ಕಳನ್ನು ಕೇಳಿ ಎಲ್ಲ ಆರಿಸಿ ಆಗಿರುತ್ತದೆ. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸುವ ತಪ್ಪು ಇದು. ಇನ್ನು ‘ನನ್ನ ಲೊಕೇಶನ್ ಬಳಸಿ’ ಅನ್ನುವ ಬಟನ್. ಫೋನಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ. ಇಂಟರ್‌ನೆಟ್ ಸಂಪರ್ಕ ನೋಡಿ ಅಂದಾಜು ಮಾಡಿದರೆ ಮಂಡ್ಯದಲ್ಲಿ ಕೂತವರು ಬೆಂಗಳೂರಿನಲ್ಲಿ ಕೂತಂತೆ ಕಾಣಬಹುದು. ಅನುಮತಿ ಕೊಡಲ್ಲ ಅಂತ ಒತ್ತಿದರೆ ಸೈಟ್ ಏನು ಮಾಡುತ್ತದೆ? ಸುಮ್ಮನೆ ಬಿಳಿ ಪುಟ ನಿಂತರೆ ಅದು ದೊಡ್ಡ ದೋಷ.

ನಿಮ್ಮ ಮನೆಗೆ ಇವುಗಳಲ್ಲಿ ಕೆಲವು ಬರದೇ ಇರಬಹುದು. ಬರದಿದ್ದರೆ ಬೇಜಾರಾಗಬೇಡಿ, ಅದೂ ಪರೀಕ್ಷೆಗೆ ಸಿಕ್ಕ ವಸ್ತುವೇ. ಇಲ್ಲ ಅನ್ನುವುದನ್ನು ಎಷ್ಟು ಬೇಗ ಹೇಳಿದರು, ಹೇಗೆ ಹೇಳಿದರು, ಹತ್ತಿರದ ಅಂಗಡಿ ಎಲ್ಲಿದೆ ಅಂತ ದಾರಿ ತೋರಿಸಿದರಾ? ಉಳಿದ ಪರೀಕ್ಷೆಗೆ ಮೈಸೂರಿನ ನೆಂಟರದ್ದೋ ಗೆಳತಿಯರದ್ದೋ ವಿಳಾಸವನ್ನು ಕೇಳಿ ಬಳಸಿಕೊಳ್ಳಿ, ಎಲ್ಲದಕ್ಕೂ ಅದೊಂದೇ ವಿಳಾಸ. ನಮ್ಮವರು ವಿಳಾಸ ಹೇಳುವುದು ಹೇಗೆ ಅಂತಲೂ ಗಮನಿಸಿ. ‘ಕಾಂಪ್ಲೆಕ್ಸ್ ಹತ್ತಿರ’, ‘ಅಗ್ರಹಾರ ಸರ್ಕಲ್‌ನಿಂದ ಎಡಕ್ಕೆ ಎರಡನೇ ಕ್ರಾಸ್’ ಅಂತ ಹೇಳುತ್ತೇವೆ. ಅಂಥದ್ದನ್ನು ಬರೆಯಲು ಜಾಗ ಇದೆಯಾ, ಇಲ್ಲಾ ಫ್ಲಾಟ್ ನಂಬರ್, ಟವರ್ ಹೆಸರು ಅಂತ ಅಪಾರ್ಟ್‌ಮೆಂಟಿನವರಿಗೇ ಅಂತ ಮಾಡಿದ ಫಾರ್ಮಾ?

ಮೆನು ಬಗ್ಗೆ ಎರಡು ಮಾತು ಸಾಕು. ವೆಜ್ ಮಾತ್ರ ತೋರಿಸು ಅನ್ನುವ ಗುಂಡಿ ಇದೆಯಾ, ಅದು ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗಲೂ ನಿಲ್ಲುತ್ತದಾ ಅಂತ ನೋಡಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ವೆಜ್‌ಗೆ ಚೌಕದೊಳಗೆ ಹಸಿರು ವೃತ್ತ, ನಾನ್‌ವೆಜ್‌ಗೆ ಚೌಕದೊಳಗೆ ಕಂದು ತ್ರಿಕೋನ ಅಂತ ಇದೆ. ಮುಂಚೆ ಎರಡೂ ವೃತ್ತವೇ ಆಗಿದ್ದವು, ಬಣ್ಣ ಮಾತ್ರ ಬೇರೆ. ಬಣ್ಣ ಗುರುತಿಸಲು ಆಗದವರಿಗೆ ಆ ಎರಡೂ ಒಂದೇ ಥರ ಕಾಣುತ್ತಿದ್ದವು. ಆಕಾರ ಬದಲಾದ ಮೇಲೆ ಆ ತೊಂದರೆ ಇಲ್ಲ. ಸೈಟ್‌ನಲ್ಲಿ ಹೊಸ ಆಕಾರ ಬಳಸಿದ್ದಾರಾ, ಹಳೆಯ ಚುಕ್ಕೆಯೇ ಇದೆಯಾ ನೋಡಿ. ಅದೇ ನಿಯಮದ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಅಂಗಡಿ ಇರುವ ಚೈನ್‌ಗಳು ಮೆನುವಿನಲ್ಲಿ ಒಂದೊಂದು ಐಟಂ ಪಕ್ಕ ಕ್ಯಾಲೊರಿ ತೋರಿಸಬೇಕು. ನಿಮ್ಮ ನಾಲ್ಕೂ ಇದರೊಳಗೆ ಬರುತ್ತವೆ. ಸೈಟಿನಲ್ಲಿ ಕ್ಯಾಲೊರಿ ಐಟಂ ಪಕ್ಕದಲ್ಲೇ ಇದೆಯಾ, ಎಲ್ಲೋ ಮೂಲೆಯ ಪಿಡಿಎಫ್ ಒಳಗೆ ಇದೆಯಾ ಅಂತ ಬರೆಯಿರಿ. ನಮ್ಮ ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇದೆ, ಸುಮ್ನೆ ಒಂದು ಅಂಕಿ ಅಂತ ಬಿಡುವ ಹಾಗಿಲ್ಲ.

ಇನ್ನು ಬಿಲ್ಲು. ಪ್ರತಿ ಸೈಟಿನಲ್ಲೂ ಮೂರು ಬೆಲೆ ಬರೆದುಕೊಳ್ಳಿ: ಮೆನುವಿನಲ್ಲಿ ಕಂಡದ್ದು, ಕಾರ್ಟಿನಲ್ಲಿ ಕಂಡದ್ದು, ಹಣ ಕಟ್ಟುವ ಬಟನ್ ಮೇಲೆ ಕಂಡದ್ದು. ಈ ಮೂರರ ನಡುವೆ ಏನೇನು ಸೇರಿತು? 5% ಜಿಎಸ್‌ಟಿ, ಪ್ಯಾಕಿಂಗ್, ಡೆಲಿವರಿ, ಇನ್ನೇನಾದರೂ? ಅವು ಸೇರುವುದು ತಪ್ಪಲ್ಲ. ಯಾವ ಪುಟದಲ್ಲಿ ಮೊದಲ ಸಲ ತಿಳಿಸಿದರು ಅನ್ನುವುದು ಮುಖ್ಯ. ಕೊನೆಯ ಪುಟದವರೆಗೂ ಮುಚ್ಚಿಟ್ಟು ಒಂದೊಂದಾಗಿ ಸೇರಿಸುವುದಕ್ಕೆ ಡ್ರಿಪ್ ಪ್ರೈಸಿಂಗ್ ಅಂತ ಹೆಸರಿದೆ. ಗ್ರಾಹಕರನ್ನು ಹೀಗೆ ದಾರಿ ತಪ್ಪಿಸುವ ತಂತ್ರಗಳನ್ನು ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು, ಅದರಲ್ಲಿ 13 ಬಗೆಗಳನ್ನು ಹೆಸರಿಸಿದೆ. ಆ ಪಟ್ಟಿ ಮುಂದೆ ಇಟ್ಟುಕೊಂಡು ನಾಲ್ಕು ಸೈಟನ್ನೂ ಒಂದು ಸಲ ಕೂತು ಜಾಲಾಡಿ. ನೀವು ಹಾಕದ ವಸ್ತು ಅಥವಾ ದೇಣಿಗೆ ಕಾರ್ಟಿನಲ್ಲಿ ತಾನಾಗಿ ಬಂದು ಕೂತಿದೆಯಾ? ಆಫರ್ ಬೇಡ ಅನ್ನಲು ಹೋದರೆ ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಅನ್ನುವ ಥರ ನಾಚಿಕೆ ಪಡಿಸುವ ಮಾತು ಇದೆಯಾ? ‘ಇನ್ನು ಐದೇ ನಿಮಿಷ’ ಅನ್ನುವ ಗಡಿಯಾರ, ಪುಟ ಮತ್ತೆ ತೆರೆದಾಗ ಹೊಸದಾಗಿ ಐದರಿಂದ ಶುರುವಾಗುತ್ತದಾ? ಕಂಡರೆ ದಿನಾಂಕದ ಸಮೇತ ಸ್ಕ್ರೀನ್‌ಶಾಟ್ ಇಡಿ. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆಯಿರಿ, ಅದೂ ನ್ಯಾಯ.

ನನಗೆ ಇದರಲ್ಲಿ ಕಾಳಜಿ ಇರುವುದಕ್ಕೆ ಕಾರಣ ಇದೆ. ತಿಂಗಳ ಖರ್ಚು ಲೆಕ್ಕ ಹಾಕಿ ಮಕ್ಕಳ ಹುಟ್ಟುಹಬ್ಬಕ್ಕೆ ಅಂತ ಒಂದು ದಿನ ತರಿಸುವವರು ನಮ್ಮಲ್ಲಿ ಬಹಳ. ಮೆನುವಿನ ಬೆಲೆ ನೋಡಿ ಆಗಬಹುದು ಅಂದುಕೊಂಡಿರುತ್ತಾರೆ. ಕೊನೆಯಲ್ಲಿ ಬಿಲ್ಲು ಬೇರೆಯೇ ಆಗಿರುತ್ತದೆ, ಅಷ್ಟರಲ್ಲಿ ಮಕ್ಕಳಿಗೆ ಹೇಳಿ ಆಗಿರುತ್ತದೆ. ಬೇಡ ಅನ್ನಲು ಬಾಯಿ ಬರಲ್ಲ. ಮೊದಲ ಪುಟದಲ್ಲೇ ‘ಡೆಲಿವರಿ ಇಷ್ಟು, ತೆರಿಗೆ ಬೇರೆ’ ಅಂತ ಒಂದು ಸಾಲು ಹಾಕುವುದು ಯಾವ ಕಂಪನಿಗೂ ಕಷ್ಟದ ಕೆಲಸ ಅಲ್ಲ.

ಆರ್ಡರ್ ಆದ ಮೇಲಿನ ಭಾಗದಲ್ಲಿ ಡಾಮಿನೋಸ್ ಹೆಸರನ್ನು ಹೇಳಲೇಬೇಕು. 2008ರಲ್ಲಿ ಅಮೆರಿಕದಲ್ಲಿ ಅವರು ಪಿಜ್ಜಾ ಟ್ರ್ಯಾಕರ್ ತಂದರು. ಆರ್ಡರ್ ಬಂತು, ಮಾಡುತ್ತಿದ್ದೇವೆ, ಒಲೆಯಲ್ಲಿದೆ, ಪ್ಯಾಕ್ ಆಯಿತು, ಹೊರಟಿತು ಅಂತ ಹಂತ ಹಂತವಾಗಿ ತೋರಿಸುವುದು. ಇವತ್ತು ಎಲ್ಲ ಆ್ಯಪ್‌ಗಳಲ್ಲೂ ಅದು ಇದೆ, ಅದರಿಂದ ವಿಶೇಷ ಅನ್ನಿಸಲ್ಲ. ಬಳಕೆ ಸುಲಭವಾಗಿದೆಯಾ ಅಂತ ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್ ಒಳ್ಳೆಯ ವಿನ್ಯಾಸಕ್ಕೆ ಅಂತ 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಇದು: ಒಳಗೆ ಏನು ನಡೆಯುತ್ತಿದೆ ಅಂತ ಬಳಸುವವರಿಗೆ ತಿಳಿಯುತ್ತಿರಬೇಕು. ಆ ಹತ್ತೂ ಸೂತ್ರ ನಿಮ್ಮ ವರದಿಗೆ ಬೆನ್ನೆಲುಬು ಆಗುತ್ತವೆ, ಓದಿಕೊಳ್ಳಿ.

ವೇಗ ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಬಳಸಿ, ಅದು ಉಚಿತ. ಅದರಲ್ಲಿ ಎರಡು ಭಾಗ ಬರುತ್ತದೆ. ಕೆಳಗಿನದು ಆ ಕ್ಷಣದ ಪ್ರಯೋಗ, ನೂರಕ್ಕೆ ಇಷ್ಟು ಅಂತ ದೊಡ್ಡದಾಗಿ ಕಾಣುವುದು ಅದೇ, ವಿದ್ಯಾರ್ಥಿಗಳು ಅದನ್ನೇ ಎತ್ತಿ ಹಾಕುತ್ತಾರೆ. ಮೇಲಿನದು ಹಿಂದಿನ 28 ದಿನ ನಿಜವಾದ ಜನ ಕ್ರೋಮ್‌ನಲ್ಲಿ ಆ ಸೈಟ್ ತೆರೆದಾಗ ಏನಾಯಿತು ಅನ್ನುವ ಲೆಕ್ಕ. ನಿಮಗೆ ಬೇಕಾದ್ದು ಮೇಲಿನದು. ಮುಖ್ಯ ಭಾಗ ಕಾಣಲು 2.5 ಸೆಕೆಂಡಿಗಿಂತ ಜಾಸ್ತಿ ಆಗಬಾರದು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು. ಪುಟ ಅಲ್ಲಾಡುವ ಅಳತೆ 0.1 ದಾಟಬಾರದು. ನೂರರಲ್ಲಿ 75 ಭೇಟಿಗಳಿಗಾದರೂ ಹೀಗಿರಬೇಕು ಅನ್ನುವುದು ಗೂಗಲ್ ಹಾಕಿರುವ ಗೆರೆ. ಮೂರನೆಯದನ್ನು ಹಗುರಾಗಿ ನೋಡಬೇಡಿ. ಒಂದು ಆಫರ್ ಚಿತ್ರ ತಡವಾಗಿ ಬಂದು ಪುಟವನ್ನು ಕೆಳಗೆ ತಳ್ಳಿದರೆ, ಪನೀರ್ ಒತ್ತಲು ಹೋದ ಬೆರಳು ಚಿಕನ್ ಒತ್ತಿರುತ್ತದೆ. ಶುದ್ಧ ಸಸ್ಯಾಹಾರಿಗಳ ಮನೆಯಲ್ಲಿ ಅದು ಸಣ್ಣ ವಿಷಯವಾ? ಅಂಕಿ ತೆಗೆದ ಮೇಲೆ ನಿಮ್ಮ ಫೋನಿನಲ್ಲಿ ವೈಫೈ ಆಫ್ ಮಾಡಿ, ಸಂಜೆ ಎಲ್ಲರೂ ನೆಟ್ ಬಳಸುವ ಹೊತ್ತಿನಲ್ಲಿ ನಾಲ್ಕನ್ನೂ ತೆರೆದು ನೋಡಿ.

ಬಣ್ಣ ಅಂಕಕ್ಕೆ ಬೇಡ ಅಂದೆ, ಆದರೆ ಬಣ್ಣದಲ್ಲಿ ಅಳೆಯಬಹುದಾದ ಒಂದು ಸಂಗತಿ ಇದೆ. ಅಕ್ಷರ ಮತ್ತು ಹಿನ್ನೆಲೆ ನಡುವಿನ ವ್ಯತ್ಯಾಸ, ಕಾಂಟ್ರಾಸ್ಟ್. ವೆಬ್ ಸುಗಮತೆಯ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕನಿಷ್ಠ 4.5ಕ್ಕೆ 1 ಇರಬೇಕು. ಈ ಚೈನ್‌ಗಳಿಗೆ ಇಷ್ಟವಾದ ಗಾಢ ಕೆಂಪಿನ ಮೇಲೆ ಬಿಳಿ ಅಕ್ಷರ ಸಾಮಾನ್ಯವಾಗಿ ಪಾಸಾಗುತ್ತದೆ. ಬಂಗಾರದ ಹಳದಿಯ ಮೇಲೆ ಬಿಳಿ ಅಕ್ಷರ ಬರೆದರೆ ಅದು ಒಂದೂವರೆಯ ಆಸುಪಾಸು ನಿಲ್ಲುತ್ತದೆ, ಬಿಸಿಲಲ್ಲಿ ನಿಂತು ನೋಡಿದರೆ ಏನೂ ಕಾಣಲ್ಲ. ಕ್ರೋಮ್ ಬ್ರೌಸರಿನ ಒಳಗೇ ಇರುವ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನಲ್ಲೇ ಈ ಅಳತೆ ಸಿಗುತ್ತದೆ.

ಇದೇ ಜಾಡಿನಲ್ಲಿ ನಿಮ್ಮ ವಿಷಯಕ್ಕೆ ನೇರವಾಗಿ ಸೇರಿದ ಒಂದು ಕೇಸ್ ಇದೆ. 2016ರಲ್ಲಿ ಅಮೆರಿಕದ ಗಿಯೆರ್ಮೊ ರೋಬ್ಲೆಸ್ ಅನ್ನುವ ದೃಷ್ಟಿಹೀನರು ಡಾಮಿನೋಸ್ ವಿರುದ್ಧ ಕೋರ್ಟಿಗೆ ಹೋದರು. ಅವರು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬಳಸುವವರು. ಅದರ ಮೂಲಕ ಸೈಟಿನಲ್ಲೂ ಆ್ಯಪ್‌ನಲ್ಲೂ ಪಿಜ್ಜಾ ಆರ್ಡರ್ ಮಾಡಲು ಆಗಲಿಲ್ಲ ಅನ್ನುವುದು ಅವರ ದೂರು. 2019ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಅಂಗವಿಕಲರ ಹಕ್ಕಿನ ಕಾನೂನು ಡಾಮಿನೋಸ್ ಸೈಟಿಗೂ ಆ್ಯಪ್‌ಗೂ ಅನ್ವಯಿಸುತ್ತದೆ ಅಂತ ಹೇಳಿತು. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ನಮ್ಮಲ್ಲೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಎಲ್ಲರ ಕೈಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿದೆ. ನಿಮ್ಮ ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಆನ್ ಮಾಡಿ, ಪರದೆ ನೋಡದೆ, ಬರೀ ಕಿವಿಯಿಂದ ಒಂದು ಐಟಂ ಕಾರ್ಟಿಗೆ ಹಾಕಲು ಪ್ರಯತ್ನಿಸಿ. ‘ಬಟನ್, ಬಟನ್, ಬಟನ್’ ಅಂತ ಮಾತ್ರ ಕೇಳಿಸಿದರೆ ಆ ಬಟನ್‌ಗಳಿಗೆ ಹೆಸರು ಕೊಟ್ಟಿಲ್ಲ ಅಂತ ಅರ್ಥ. ಇದು ಮೊದಲು ಕಷ್ಟ ಆಗುತ್ತದೆ, ಸ್ವಲ್ಪ ಅಭ್ಯಾಸ ಮಾಡಿಕೊಂಡೇ ಮಾಡಿ. ದೃಷ್ಟಿಹೀನರೊಬ್ಬರು ಒಪ್ಪಿ ಜೊತೆಗೆ ಕೂತರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಜನರನ್ನು ಕೂರಿಸಿ ಮಾಡುವ ಪರೀಕ್ಷೆಗೆ ಎಷ್ಟು ಮಂದಿ ಬೇಕು? ಐದು ಮಂದಿ ಸಾಕು ಅಂತ ನೀಲ್ಸನ್ 2000ದಲ್ಲಿ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ಅದು ತೊಂದರೆಗಳನ್ನು ಹುಡುಕಲು ಸಾಕು. ‘ಈ ಸೈಟ್ ಆ ಸೈಟಿಗಿಂತ ಶೇಕಡಾ ಇಷ್ಟು ಮೇಲು’ ಅಂತ ಹೇಳಲು ಸಾಲದು. ನಿಮಗೆ ಎಂಟು ಮಂದಿ ಸಿಕ್ಕರೆ ಬಹಳ ಒಳ್ಳೆಯದು. ಎಲ್ಲರೂ ನಿಮ್ಮ ಕ್ಲಾಸಿನವರೇ ಆದರೆ ಉಪಯೋಗ ಕಡಿಮೆ, ಅವರಿಗೆ ಎಲ್ಲ ಸೈಟೂ ಸುಲಭ. ಕನ್ನಡ ಚೆನ್ನಾಗಿ ಓದುವ, ಇಂಗ್ಲಿಷ್ ನಿಧಾನವಾಗಿ ಓದುವ ನಿಮ್ಮ ಅಮ್ಮನೋ ಚಿಕ್ಕಮ್ಮನೋ ಒಬ್ಬರಿರಲಿ. ಕನ್ನಡಕ ಹಾಕುವ ಹಿರಿಯರೊಬ್ಬರಿರಲಿ. ಯುಪಿಐ ಮಾತ್ರ ಬಳಸುವ, ಕಾರ್ಡ್ ಇಲ್ಲದವರೊಬ್ಬರಿರಲಿ.

ಒಂದು ಎಚ್ಚರ. ನಾಲ್ಕು ಸೈಟನ್ನೂ ಎಲ್ಲರಿಗೂ ಒಂದೇ ಕ್ರಮದಲ್ಲಿ ಕೊಡಬೇಡಿ. ಮೊದಲನೆಯದರಲ್ಲಿ ತಡಕಾಡಿ ಕಲಿತದ್ದು ನಾಲ್ಕನೆಯದಕ್ಕೆ ಉಪಯೋಗಕ್ಕೆ ಬರುತ್ತದೆ, ಕೊನೆಗೆ ಬಂದ ಸೈಟ್ ಸುಮ್ನೆ ಒಳ್ಳೆಯದಾಗಿ ಕಾಣುತ್ತದೆ. ಒಬ್ಬರು ಕೆಎಫ್‌ಸಿಯಿಂದ ಶುರು ಮಾಡಿದರೆ ಇನ್ನೊಬ್ಬರು ಡಾಮಿನೋಸ್‌ನಿಂದ, ಹೀಗೆ ಸುತ್ತಿಸಿ. ಅವರು ಕಷ್ಟಪಡುವಾಗ ಬಾಯಿ ಬಿಡಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಭಾಗ. ಮನೆಯವರು ಒದ್ದಾಡುತ್ತಿದ್ದರೆ ‘ಅಲ್ಲೇ ಮೇಲೆ ಇದೆ ನೋಡಿ’ ಅನ್ನಲು ಬಾಯಿ ತುದಿಗೆ ಬರುತ್ತದೆ. ಹೇಳಿದಿರೋ, ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಶುರುವಿನಲ್ಲೇ ‘ಪರೀಕ್ಷೆ ಸೈಟಿಗೆ, ನಿಮಗಲ್ಲ’ ಅಂತ ಹೇಳಿ, ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಿ ಅಂತ ಕೇಳಿಕೊಳ್ಳಿ.

ಒಂದೊಂದು ಸೈಟ್ ಮುಗಿದ ಮೇಲೆ ಬಳಸಲು ಎಷ್ಟು ಸುಲಭ ಅನ್ನಿಸಿತು ಅಂತ ಕೇಳುವ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಕೊಡಿ. ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು, ಇಂದಿಗೂ ಎಲ್ಲ ಕಡೆ ನಡೆಯುತ್ತಿದೆ. ಉತ್ತರ 1ರಿಂದ 5. ಬೆಸ ಸಂಖ್ಯೆಯ ಪ್ರಶ್ನೆಗಳ ಉತ್ತರದಿಂದ 1 ಕಳೆಯಬೇಕು, ಸಮ ಸಂಖ್ಯೆಯವನ್ನು 5ರಿಂದ ಕಳೆಯಬೇಕು, ಎಲ್ಲ ಕೂಡಿಸಿ 2.5ರಿಂದ ಗುಣಿಸಿದರೆ ನೂರಕ್ಕೆ ಅಂಕ ಬರುತ್ತದೆ. 68 ಅಂದರೆ ಸರಾಸರಿ. ನಿಮಗೆ ಅಂಕ ಬೇಕಿತ್ತಲ್ವಾ, ಇದು ಮಾನ್ಯವಾದ ಅಂಕ. ಒಂದು ವಾಕ್ಯ ಹೊಗಳುತ್ತದೆ, ಮುಂದಿನದು ತೆಗಳುತ್ತದೆ, ಹಾಗಾಗಿ ಬರೆಯುವವರು ಗೊಂದಲ ಮಾಡಿಕೊಳ್ಳುತ್ತಾರೆ. ಹಿರಿಯರಿಗೆ ನೀವೇ ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿ, ಎಲ್ಲರಿಗೂ ಅದೇ ಮಾತಿನಲ್ಲಿ.

ವರದಿ ಬರೆಯುವಾಗ ಒಟ್ಟಾರೆ ‘ವಿಜೇತ’ ಯಾರು ಅಂತ ಘೋಷಿಸಬೇಡಿ. ಒಂದು ಸೈಟ್ ವಿಳಾಸದಲ್ಲಿ ಚೆನ್ನಾಗಿರಬಹುದು, ಬಿಲ್ಲಿನಲ್ಲಿ ಕೆಟ್ಟದಾಗಿರಬಹುದು. ಹಾಗೆಯೇ ಬರೆಯಿರಿ. ಎಂಟು ಮಂದಿಯಲ್ಲಿ ಇಷ್ಟು ಮಂದಿ ಮುಗಿಸಿದರು ಅಂತ ಸಂಖ್ಯೆ ಕೊಡಿ, ಶೇಕಡಾವಾರು ಬೇಡ. ಕಂಡ ತೊಂದರೆ ಎಷ್ಟು ಗಂಭೀರ ಅಂತ 0ಯಿಂದ 4ರವರೆಗೆ ಗುರುತಿಸಿ: 0 ಅಂದರೆ ತೊಂದರೆಯೇ ಅಲ್ಲ, 4 ಅಂದರೆ ಕೆಲಸವೇ ಆಗದಂಥದ್ದು.

ಕೊನೆಯದಾಗಿ ರೆಕಾರ್ಡಿಂಗ್. ಈ ಸೈಟ್‌ಗಳು ಆಗಾಗ ಬದಲಾಗುತ್ತವೆ. ಒಂದೇ ದಿನ ಇಬ್ಬರಿಗೆ ಎರಡು ಥರದ ಪುಟ ತೋರಿಸಿ ಯಾವುದು ನಡೆಯುತ್ತದೆ ಅಂತ ಕಂಪನಿಗಳೇ ಪ್ರಯೋಗ ಮಾಡುತ್ತಿರುತ್ತವೆ. ಆದ್ದರಿಂದ ಸ್ಕ್ರೀನ್ ರೆಕಾರ್ಡರ್ ಆನ್ ಮಾಡಿಯೇ ಶುರು ಮಾಡಿ. ದಿನಾಂಕ, ಸಮಯ, ಫೋನ್ ಮಾಡೆಲ್, ಬ್ರೌಸರ್ ಯಾವುದು ಅಂತ ಪ್ರತಿ ಕಡತದ ಹೆಸರಿನಲ್ಲೇ ಇರಲಿ. ನಾಲ್ಕು ಸೈಟನ್ನೂ ಆದಷ್ಟು ಅದೇ ವಾರದಲ್ಲಿ ಮುಗಿಸಿ. ಕೂತವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅವರ ಮನೆ ವಿಳಾಸ, ಫೋನ್ ನಂಬರ್ ಕಾಣುವ ಭಾಗವನ್ನು ಮಸುಕು ಮಾಡಿದ ಮೇಲೇ ಮೇಡಂಗೆ ಕೊಡಿ.